ಬುರುಡೆಯ ಕಣ್ಣಿನ ಹುಳು

ಮನೆಯವರೆಲ್ಲ ಅವನನ್ನು ಬುರುಡೆ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು, ಚೆನ್ನಾಗಿಯೂ ಇತ್ತು. ಆದರೆ ಅವನು ಚಿಕ್ಕವನಾಗಿದ್ದಾಗ, ಸ್ಕೂಲಿನ ನೀರಿನ ತೊಟ್ಟಿಯಲ್ಲಿ ಮೊಸಳೆಯಿದೆ, ಅದಕ್ಕೆ ದಿನಾ ಬ್ರೆಡ್ಡು ಹಾಕುವವನು ನಾನೇ ಎಂದು ಹೇಳಿ, ಇಡೀ ತರಗತಿ ಒಂದು ವಾರ ಆ ನೀರು ಮುಟ್ಟದ ಹಾಗೆ ಮಾಡಿದ ಮೇಲೆ ಆ ಒಳ್ಳೆಯ ಹೆಸರು ಮೂಲೆಗೆ ಬಿತ್ತು. ದೊಡ್ಡವನಾದ ಮೇಲೂ ಚಾಳಿ ಬಿಡಲಿಲ್ಲ. ಅವನ ತಾಯಿ ಲೆಕ್ಕದ ಟೀಚರು, ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು. ಮಗ ಹೇಳಿದ್ದರಲ್ಲಿ ಅರ್ಧ ಕಳೆದು, ಉಳಿದದ್ದರಲ್ಲಿ ಇನ್ನರ್ಧ ಕಳೆದು, ಆಮೇಲೂ ಯೋಚನೆ ಮಾಡಿ ನಂಬಬೇಕು ಎನ್ನುವುದು ಆಕೆಯ ಸೂತ್ರ.

ಇಂಥವನು ಎರಡು ವರ್ಷ ದೂರದ ಮಳೆಕಾಡೊಂದರಲ್ಲಿ ರಸ್ತೆ ಸರ್ವೆ ಕೆಲಸ ಮುಗಿಸಿ ಬಂದು, ನೇರವಾಗಿ ಚಿಕ್ಕಮ್ಮನ ಕ್ಲಿನಿಕ್ಕಿಗೆ ನುಗ್ಗಿ, ಕಣ್ಣಲ್ಲಿ ಹುಳು ಓಡಾಡುತ್ತಿದೆ ಎಂದರೆ ಯಾರು ನಂಬುತ್ತಾರೆ? ಚಿಕ್ಕಮ್ಮ ಮೊದಲು ಮಾಡಿದ ಕೆಲಸ ನಕ್ಕದ್ದು.

ಚಿಕ್ಕಮ್ಮ ಕಣ್ಣಿನ ಡಾಕ್ಟರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕ್ಲಿನಿಕ್ಕು. ಕಿರಿದಾದ ಮೆಟ್ಟಿಲು, ಹತ್ತಿ ಬರುವಷ್ಟರಲ್ಲಿ ಮುದುಕರಿಗೆ ಏದುಸಿರು. ಒಳಗಿನ ಕೋಣೆಗೆ ದಪ್ಪ ಕಪ್ಪು ಪರದೆ. ಅಲ್ಲಿ ಗದ್ದ ಇಟ್ಟುಕೊಂಡು ಕೂರುವ ಯಂತ್ರ, ಅದಕ್ಕೊಂದು ಸಣ್ಣ ಸೀಳಿನ ದೀಪ. ಯಂತ್ರ ಕೆಡಬಾರದೆಂದು ಏಸಿ ಸದಾ ಹಾಕಿಯೇ ಇರುತ್ತಿತ್ತು. ಆ ಕೋಣೆಗೆ ಬಂದವರೆಲ್ಲ ಮೊದಲು ಕೈ ಉಜ್ಜಿಕೊಳ್ಳುತ್ತಿದ್ದರು. ಬುರುಡೆಯನ್ನೂ ಅಲ್ಲೇ ಕೂರಿಸಿ, ರೆಪ್ಪೆ ಮೇಲೆತ್ತಿ, ಕೆಳಗೆಳೆದು, ಮಗುಚಿ, ಔಷಧ ಹಾಕಿ ಪಾಪೆ ಅಗಲಿಸಿ, ಒಳಗೆಲ್ಲ ಜಾಲಾಡಿದರು. ಕಣ್ಣು ಬೆಳ್ಳಗೆ ನಿರ್ಮಲವಾಗಿತ್ತು.

ಬುರುಡೆ ಬಿಡಲಿಲ್ಲ. ಕಣ್ಣಷ್ಟೇ ಅಲ್ಲ, ಮಣಿಕಟ್ಟೂ ಒಮ್ಮೊಮ್ಮೆ ಬಾತುಕೊಳ್ಳುತ್ತದೆ, ಎರಡು ದಿನ ಇದ್ದು ತಾನಾಗಿಯೇ ಇಳಿಯುತ್ತದೆ, ಆಮೇಲೆ ಇನ್ನೊಂದು ಕೈಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದ. ಆ ಕಾಡಿನಲ್ಲಿ ಒಂದು ಕೆಂಪು ನೊಣ ಇದೆಯಂತೆ; ಕಚ್ಚಿದರೆ ಅಂಗಿಯ ಮೇಲೂ ರಕ್ತ ಬರುತ್ತದಂತೆ. ತೋರಿಸು ನೋಡೋಣ ಎಂದರೆ ಆವತ್ತು ಬಾವು ಇರಲಿಲ್ಲ. ನಿನ್ನ ಹುಳುವೂ ಹಾಗೇ, ಬಾವೂ ಹಾಗೇ, ನೋಡುವವರಿದ್ದರೆ ಇರುವುದಿಲ್ಲ ಎಂದು ಚಿಕ್ಕಮ್ಮ ಕಣ್ಣು ತಂಪಾಗಲು ಒಂದು ಬಾಟಲಿ ಔಷಧ ಕೊಟ್ಟು ಕಳಿಸಿದರು.

ಮತ್ತೆ ಬಂದ. ಮತ್ತೆ ಗದ್ದ ಇಟ್ಟು ಕೂತ, ಮತ್ತೆ ಏನೂ ಇಲ್ಲ. ಮೂರನೇ ಸಲ ಬಂದಾಗ ಕ್ಲಿನಿಕ್ಕಿನ ನರ್ಸೂ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಮನೆಯಲ್ಲಂತೂ ಕೇಳಬೇಡಿ. ಚಿಕ್ಕಮ್ಮನ ಭಾವನಿಗೆ, ಎಂದರೆ ಬುರುಡೆಯ ಅಪ್ಪನಿಗೆ, ತಮಾಷೆಯೆಂದರೆ ಪ್ರಾಣ. ಹುಳುವಿಗೆ ಊಟ ಆಯಿತೇ, ನಿದ್ದೆ ಬಂತೇ ಎಂದು ಎರಡು ಹೊತ್ತೂ ವಿಚಾರಿಸುತ್ತಿದ್ದ. ಚಿಕ್ಕಮ್ಮನ ಅಕ್ಕ, ಅವನ ತಾಯಿ, ಮಾತ್ರ ನಗಲಿಲ್ಲ. ಹೊಸ ಕೆಲಸ ಹುಡುಕುವುದಕ್ಕೆ ಸೋಮಾರಿತನ, ಅದಕ್ಕೆ ಈ ನೆಪ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟಳು.

ಚಿಕ್ಕಮ್ಮನಿಗೂ ಹಾಗೇ ಅನ್ನಿಸಿತ್ತು. ಡಾಕ್ಟರುಗಳದ್ದೊಂದು ಕೆಟ್ಟ ಅಭ್ಯಾಸ ಇದೆ ನೋಡಿ: ತಮ್ಮ ದೀಪದಡಿ ಬಾರದ್ದು ಜಗತ್ತಿನಲ್ಲೇ ಇಲ್ಲ ಎಂದುಕೊಳ್ಳುತ್ತಾರೆ. ಆದರೆ ಆಕೆಗೆ ಇನ್ನೊಂದು ಅಭ್ಯಾಸವೂ ಇತ್ತು, ಅದು ಆಕೆಯನ್ನು ಕಾಪಾಡುತ್ತಿತ್ತು. ಅರ್ಥವಾಗದ ವಿಷಯ ಒಮ್ಮೆ ತಲೆಗೆ ಹೊಕ್ಕರೆ ಬಿಡುತ್ತಿರಲಿಲ್ಲ. ಹಲ್ಲು ಉಜ್ಜುವಾಗಲೂ ಅದೇ ಯೋಚನೆ.

ಭಾನುವಾರ ಅಕ್ಕನ ಮನೆಯಲ್ಲಿ ಊಟ. ಅಡುಗೆಮನೆಯಲ್ಲಿ ಅಕ್ಕತಂಗಿಯರು ತರಕಾರಿ ಹೆಚ್ಚುತ್ತಿದ್ದರು. ಪಕ್ಕದ ಕೋಣೆಯ ಕಿಟಕಿಯ ಹತ್ತಿರ ಮಧ್ಯಾಹ್ನದ ಬಿಸಿಲು ಬೀಳುವ ಜಾಗದಲ್ಲಿ ಬುರುಡೆ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದ. ನೀರು ಚಿಮುಕಿಸಿದ ಬಟ್ಟೆಯಿಂದ ಬಿಸಿ ಹಬೆ ಏಳುತ್ತಿತ್ತು; ಅವನ ಮುಖ ಬೆವೆತು ಕೆಂಪಾಗಿತ್ತು. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಕತ್ತು ಅಲ್ಲಾಡಿಸದೆ, ದನಿಯನ್ನೂ ಏರಿಸದೆ ಕರೆದ:

"ಚಿಕ್ಕಮ್ಮ, ಬಾ. ಬಂದಿದೆ."

ಆ ದನಿಯಲ್ಲಿ ಏನಿತ್ತೋ, ಆಕೆ ಒದ್ದೆ ಕೈಯಲ್ಲೇ ಓಡಿದರು. ಅವನ ಮುಖವನ್ನು ಬಿಸಿಲಿಗೆ ತಿರುಗಿಸಿ, ರೆಪ್ಪೆ ಎಳೆದು ಹಿಡಿದರು. ಕಣ್ಣಿನ ಬಿಳಿಯ ಮೇಲೆ, ಆ ತೆಳು ಪೊರೆಯ ಕೆಳಗೆ, ಹೊಲಿಗೆ ದಾರದಷ್ಟು ಸಣ್ಣದೊಂದು ಎಳೆ, ಬಣ್ಣವೇ ಇಲ್ಲದ್ದು, ಬಳುಕುತ್ತ ಬಳುಕುತ್ತ ಮೂಗಿನ ಕಡೆಗೆ ಹೋಗುತ್ತಿತ್ತು. ನಿಧಾನ, ಆದರೆ ಗೊತ್ತುಗುರಿ ಇರುವವರ ನಡಿಗೆ. ಚಿಕ್ಕಮ್ಮ ಓದುವ ಕಾಲದಲ್ಲಿ ಇದರ ಬಗ್ಗೆ ಒಂದು ದಪ್ಪ ಪುಸ್ತಕದ ಮೂಲೆಯಲ್ಲಿ ನಾಲ್ಕು ಸಾಲು ಓದಿದ್ದರು, ಅಷ್ಟೇ. ಇಷ್ಟು ವರ್ಷ ಸಾವಿರಾರು ಕಣ್ಣು ನೋಡಿದ ಮೇಲೆ ಇವತ್ತು, ಈರುಳ್ಳಿ ವಾಸನೆಯ ಕೈಯಲ್ಲಿ, ಅದು ಸಿಕ್ಕಿತ್ತು. ನಾಚಿಕೆ ಬಿಟ್ಟು ಹೇಳಬೇಕೆಂದರೆ ಆಕೆಗೆ ಭಯಕ್ಕಿಂತ ಮೊದಲು ಸಂತೋಷವಾಯಿತು.

"ಅಕ್ಕಾ, ಬೇಗ ಬಾ" ಎಂದು ಕೂಗಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಎಳೆ ಮೂಗಿನ ಬದಿಯ ಕೆಂಪಿನಲ್ಲಿ ಮುಳುಗಿ ಹೋಗಿತ್ತು. ಅಕ್ಕ ಒಮ್ಮೆ ಮಗನ ಕಣ್ಣು ನೋಡಿದಳು, ಒಮ್ಮೆ ತಂಗಿಯ ಮುಖ ನೋಡಿದಳು.

"ಈಗ ನೀನೂ ಶುರು ಮಾಡಿದೆಯಾ?" ಎಂದಳು.

ಅಷ್ಟು ಹೊತ್ತಿಗೆ ಚಿಕ್ಕಮ್ಮನಿಗೆ ಇನ್ನೊಂದು ಹೊಳೆದಿತ್ತು. ಹುಳುವಿಗೆ ಬಿಸಿ ಬೇಕು. ಬಿಸಿಲಿಗೆ, ಹಬೆಗೆ ಮೇಲೆ ಬರುತ್ತದೆ, ತಣ್ಣಗಾದರೆ ಆಳಕ್ಕೆ ಇಳಿಯುತ್ತದೆ. ತಾವು ಮೂರು ಸಲವೂ ಅವನನ್ನು ಏಸಿಯ ಕತ್ತಲೆಯಲ್ಲಿ ಕೂರಿಸಿ, ತಣ್ಣನೆಯ ಔಷಧ ಹಾಕಿ, ಅದನ್ನು ಓಡಿಸಿ ಆಮೇಲೆ ಹುಡುಕಿದ್ದರು. ತಮ್ಮ ಪೆದ್ದುತನಕ್ಕೆ ತಾವೇ ನಕ್ಕು, ಊಟ ಮುಗಿಯುವವರೆಗೂ ಅದನ್ನೇ ಹೇಳಿದರು. ಭಾವ ಈಗ ನಗಲಿಲ್ಲ, ತಟ್ಟೆ ದೂರ ಸರಿಸಿ ಎದ್ದು ಹೋದ.

ಮರುದಿನ ಆಕೆ ಒಬ್ಬ ಫಿಜಿಷಿಯನ್‌ಗೆ ಹೇಳಿದರು. ಓದುವಾಗಿನ ಸ್ನೇಹಿತ, ಒಳ್ಳೆಯವನು, ಸ್ವಲ್ಪ ಆತುರಗಾರ. ಕಣ್ಣಿನ ಹುಳು ಒಂದೇ ಆಗಿರುವುದಿಲ್ಲ, ಮೈಯೊಳಗೆ ಇನ್ನೂ ಇರಬಹುದು, ಅವುಗಳ ಮರಿಗಳು ರಕ್ತದಲ್ಲಿ ಈಜುತ್ತಿರುತ್ತವೆ, ರಕ್ತ ನೋಡಿಸಿ ಎಂದ. ಮೂಲೆಯ ಲ್ಯಾಬಿನವನು ನುರಿತ ಕೈ. ಹುಳುವಿನ ಪರೀಕ್ಷೆಯೆಂದರೆ ರಕ್ತ ರಾತ್ರಿಯೇ ತೆಗೆಯಬೇಕು ಎಂದು ಅವನೇ ಹೇಳಿದ. ಆನೆಕಾಲು ರೋಗದ ಹುಳು ಹಗಲಲ್ಲಿ ಅವಿತುಕೊಂಡು ರಾತ್ರಿ ರಕ್ತಕ್ಕೆ ಬರುತ್ತದೆ. ಈ ಕಸುಬಿನಲ್ಲಿ ಇರುವವರಿಗೆಲ್ಲ ಗೊತ್ತಿರುವ ಮಾತು. ಫಿಜಿಷಿಯನ್ ತಲೆಯಾಡಿಸಿದ, ಚಿಕ್ಕಮ್ಮನೂ ತಲೆಯಾಡಿಸಿದರು. ರಾತ್ರಿ ರಕ್ತ ತೆಗೆದರು. ಒಂದು ಮರಿಯೂ ಇಲ್ಲ, ಸ್ವಚ್ಛ ಎಂದು ರಿಪೋರ್ಟು ಬಂತು. ಹಾಗಾದರೆ ಚಿಂತೆಯಿಲ್ಲ, ಆನೆಕಾಲಿಗೆ ಕೊಡುವ ಮಾತ್ರೆಯನ್ನೇ ಕೊಡೋಣ, ನಾಳೆ ಬೆಳಿಗ್ಗೆ ತಿಂಡಿ ತಿಂದ ಮೇಲೆ ಶುರು ಮಾಡಲಿ ಎಂದು ಫಿಜಿಷಿಯನ್ ಬರೆದುಕೊಟ್ಟ.

ಮಾತ್ರೆ ಕೊಡುವಾಗ ಬುರುಡೆ ಕೈ ಚಾಚಲಿಲ್ಲ. ಕ್ಯಾಂಪಿನಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದ ಎಂದು ಶುರು ಮಾಡಿದ. ಆ ಡ್ರೈವರನ ಕಣ್ಣಲ್ಲೂ ಇದೇ ಹುಳು. ರಜೆಯಲ್ಲಿ ಊರಿಗೆ ಹೋದಾಗ ಯಾರೋ ಹುಳುವಿನ ಮಾತ್ರೆ ಕೊಟ್ಟರಂತೆ. ಮಾರನೇ ದಿನ ಜ್ವರ, ಅದರ ಮಾರನೇ ದಿನ ಕಟ್ಟಿಕೊಂಡ ಹೆಂಡತಿಯನ್ನೇ ಯಾರು ಎಂದು ಕೇಳಿದನಂತೆ. ಅದಾದ ಮೇಲೆ ಕ್ಯಾಂಪಿನ ನರ್ಸಮ್ಮ, ಮಧ್ಯಾಹ್ನ ಊಟದ ಗಂಟೆ ಹೊಡೆದ ಕೂಡಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬೆರಳು ಚುಚ್ಚಿ ರಕ್ತ ನೋಡದೆ ಯಾರಿಗೂ ಒಂದು ಮಾತ್ರೆಯನ್ನೂ ಕೊಡುತ್ತಿರಲಿಲ್ಲವಂತೆ.

ಚಿಕ್ಕಮ್ಮ ಅರ್ಧ ಕಿವಿಯಲ್ಲಿ ಕೇಳಿದರು. ಹುಳು ಒಂದು ನಿಜವಾಯಿತೆಂದು ಎಲ್ಲವೂ ನಿಜವಾಗಬೇಕಾಗಿಲ್ಲವಲ್ಲ. ಅಕ್ಕ ಅಷ್ಟೂ ಕೇಳಲಿಲ್ಲ. ಅವಳ ಪಾಲಿಗೆ ಮಗನ ಕಥೆಗಳಿಗೆ ಈಗಾಗಲೇ ಸಾಕಷ್ಟು ಸಮಯ ಹಾಳಾಗಿತ್ತು. ಮಾತ್ರೆಯ ಪಟ್ಟಿಯನ್ನು ತಾನೇ ಇಸಿದುಕೊಂಡು ಪರ್ಸಿಗೆ ಹಾಕಿ, ನುಂಗಿಸುವ ಜವಾಬ್ದಾರಿ ನನ್ನದು ಎಂದಳು.

ಮಾರನೇ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಚಿಕ್ಕಮ್ಮನ ಮುಂದೆ ಒಬ್ಬ ಅಜ್ಜಿ ಗದ್ದವಿಟ್ಟು ಕೂತಿದ್ದರು. ಆಪರೇಷನ್ ಆದ ಕಣ್ಣು, ಚೆನ್ನಾಗಿ ಕೂಡಿಕೊಂಡಿತ್ತು. ನೋಡುತ್ತ ನೋಡುತ್ತಲೇ ಚಿಕ್ಕಮ್ಮನ ತಲೆ ಇನ್ನೆಲ್ಲೋ ಹೋಯಿತು. ಬುರುಡೆ ಹುಟ್ಟಿದಾಗಿನಿಂದ ಅವನು ಬಿಟ್ಟ ರೀಲುಗಳನ್ನೆಲ್ಲ ಆಕೆ ಕೇಳಿದ್ದರು. ಮೊಸಳೆಗೆ ಬ್ರೆಡ್ಡು ಹಾಕಿದವನು ಅವನೇ. ಬಸ್ಸಿನ ಬ್ರೇಕು ಹೋದಾಗ ಡ್ರೈವರನ ಪಕ್ಕ ಹಾರಿ ಕೂತವನು ಅವನೇ. ಕಾಡಿನಲ್ಲಿ ಆನೆ ಅಟ್ಟಿಸಿಕೊಂಡು ಬಂದದ್ದೂ ಅವನನ್ನೇ. ಅವನ ಯಾವ ಸುಳ್ಳಿನಲ್ಲೂ ಹೀರೋ ಬೇರೆಯವರಲ್ಲ. ಈ ಲಾರಿ ಡ್ರೈವರನ ಕಥೆಯಲ್ಲಿ ಮಾತ್ರ ಬುರುಡೆ ಎಲ್ಲೂ ಇರಲಿಲ್ಲ. ಕಾಪಾಡಲಿಲ್ಲ, ಎಚ್ಚರಿಸಲಿಲ್ಲ, ಪಕ್ಕದಲ್ಲಿ ನಿಂತೂ ಇರಲಿಲ್ಲ. ಯಾರದ್ದೋ ಬಾಯಿಂದ ಕೇಳಿದ್ದನ್ನು ಹಾಗೇ ತಂದು ಒಪ್ಪಿಸಿದ್ದ. ಇದೇನು ವಿಚಿತ್ರ?

ಅಷ್ಟಕ್ಕೆ ನಿಲ್ಲಲಿಲ್ಲ ಆ ತಲೆ. ಊಟದ ಗಂಟೆ ಹೊಡೆದ ಕೂಡಲೇ ರಕ್ತ ಯಾಕೆ? ಉರಿಬಿಸಿಲಲ್ಲಿ, ಹಸಿದ ಕೂಲಿಯವರನ್ನು ತಟ್ಟೆಯ ಮುಂದಿನಿಂದ ಎಬ್ಬಿಸಿ ಯಾರಾದರೂ ಬೆರಳು ಚುಚ್ಚುತ್ತಾರೆಯೇ? ಆನೆಕಾಲಿನ ಮರಿಗಳು ರಾತ್ರಿ ರಕ್ತಕ್ಕೆ ಬರುವುದು ಯಾಕೆಂದರೆ ಅವನ್ನು ಹೊತ್ತೊಯ್ಯುವ ಸೊಳ್ಳೆ ರಾತ್ರಿ ಕಚ್ಚುತ್ತದೆ. ಬಸ್ಸು ಬರುವ ಹೊತ್ತಿಗೆ ನಿಲ್ದಾಣಕ್ಕೆ ಬಂದು ನಿಲ್ಲುವವರು ಅವು. ಆದರೆ ಬುರುಡೆಯ ಹುಳುವನ್ನು ತಂದದ್ದು ಸೊಳ್ಳೆಯಲ್ಲ. ಕೆಂಪು ನೊಣ. ನೊಣ ರಾತ್ರಿ ಹಾರುವುದಿಲ್ಲ.

ಅಜ್ಜಿಯ ಕಣ್ಣಿನ ಮೇಲೆ ದೀಪ ಹಾಗೇ ಉರಿಯುತ್ತಿತ್ತು. ಏನಾದರೂ ಕೆಟ್ಟದಿದೆಯಾ ಡಾಕ್ಟ್ರೇ ಎಂದು ಅಜ್ಜಿ ಹೆದರಿ ಕೇಳಿದರು. ನಿಮ್ಮ ಕಣ್ಣಿಗೇನಿಲ್ಲ ಅಮ್ಮ, ನನ್ನ ತಲೆಗೆ ಎಂದು ಆಕೆ ಎದ್ದು ಹೊರಗೆ ಬಂದು ಫಿಜಿಷಿಯನ್‌ಗೆ ಫೋನ್ ಹಚ್ಚಿದರು. ಅವನು ಮೊದಲು ಅದೆಲ್ಲ ಏನಿಲ್ಲ ಎಂದ. ಒಂದು ನಿಮಿಷ ಎಂದು ಪುಸ್ತಕ ತೆಗೆದ. ಹಾಳೆ ಮಗುಚುವ ಸದ್ದು ಕೇಳಿಸಿತು.

"ಮಾತ್ರೆ ಕೊಟ್ಟಾಯ್ತಾ?" ಎಂದು ಕೇಳಿದ. ಅವನ ದನಿ ಬದಲಾಗಿತ್ತು. ಮರಿಗಳು ರಕ್ತದಲ್ಲಿ ತುಂಬಿರುವಾಗ ಆ ಮಾತ್ರೆ ಬಿದ್ದರೆ ಅವು ಒಟ್ಟಿಗೇ ಸಾಯುತ್ತವೆ, ಸತ್ತದ್ದೆಲ್ಲ ಮಿದುಳಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ ಎಂದ. ಜ್ವರ, ಮಂಪರು, ನೆನಪು ಹೋಗುವುದು, ಪ್ರಾಣಕ್ಕೂ ಬರಬಹುದು. ಮಧ್ಯಾಹ್ನ ರಕ್ತ ನೋಡದೆ ಕೊಡಲೇಬಾರದಾಗಿತ್ತು, ನನ್ನದೇ ತಪ್ಪು ಎಂದ.

ತಪ್ಪು ಯಾರದ್ದೆಂದು ಹಂಚಿಕೊಳ್ಳುವ ಹೊತ್ತು ಅದಲ್ಲ. ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಪಾಠ ಹೇಳುವಾಗ ಅವಳು ಫೋನನ್ನು ಆಫ್ ಮಾಡಿ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು, ಮನೆಗೆ ಬೆಂಕಿ ಬಿದ್ದರೂ ತೆಗೆಯುವವಳಲ್ಲ. ಬುರುಡೆಯ ಫೋನ್ ಬಡಿದುಕೊಂಡು ಸುಮ್ಮನಾಯಿತು. ಚಿಕ್ಕಮ್ಮ ಬಿಳಿ ಕೋಟನ್ನೂ ಬಿಚ್ಚದೆ ಮೆಟ್ಟಿಲಿಳಿದು, ಬೇಕರಿ, ಬ್ಯಾಂಕು, ಸೈಕಲ್ ಅಂಗಡಿ ದಾಟಿ ಓಡಿದರು. ಓಡಿ ಎಷ್ಟು ವರ್ಷವಾಗಿತ್ತೋ. ಗುರುತಿನವರು ಏನಾಯಿತು ಮೇಡಂ ಎಂದು ಕೇಳುತ್ತಿದ್ದರೂ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಕನ ಊಟದ ಮೇಜಿನ ಸುತ್ತ ಮಕ್ಕಳು ಭಿನ್ನರಾಶಿ ಮಾಡುತ್ತಿದ್ದರು. ತಂಗಿಯ ಅವತಾರ ನೋಡಿ ಅಕ್ಕ ಚಾಕ್‌ಪೀಸು ಹಿಡಿದೇ ಎದ್ದಳು.

"ಮಾತ್ರೆ?" ಎಂದರು ಚಿಕ್ಕಮ್ಮ. ಬೇರೆ ಮಾತಿಗೆ ಉಸಿರಿರಲಿಲ್ಲ.

"ಆಗಲೇ ಆಯ್ತಲ್ಲ. ತಿಂಡಿ ಆದಮೇಲೆ ನಾನೇ ಕೈಗೆ ಕೊಟ್ಟೆ. ನನ್ನ ಕಣ್ಣೆದುರಿಗೇ ನುಂಗಿದ" ಎಂದಳು ಅಕ್ಕ, ಕೆಲಸ ಮುಗಿಸಿದವರ ಸಮಾಧಾನದಲ್ಲಿ.

ಚಿಕ್ಕಮ್ಮ ಕುರ್ಚಿ ಹುಡುಕಿ ಕೂತರು. ಮಕ್ಕಳನ್ನು ಮನೆಗೆ ಕಳಿಸು ಎಂದರು. ಆಮೇಲೆ ಹೇಳಬೇಕಾದದ್ದನ್ನೆಲ್ಲ, ಏನೂ ಮುಚ್ಚಿಡದೆ ಹೇಳಿದರು. ಅಕ್ಕನ ಮುಖದ ಬಣ್ಣ ಹೇಳುತ್ತಿದ್ದ ಹಾಗೇ ಇಳಿಯುತ್ತ ಹೋಯಿತು. ತನ್ನ ಕೈಯಾರೆ ಎಂದು ಒಂದು ಮಾತು ಶುರು ಮಾಡಿ ಮುಗಿಸಲಿಲ್ಲ. ಸ್ನಾನದ ಮನೆಯಿಂದ ಬುರುಡೆ ತಲೆ ಒರೆಸಿಕೊಳ್ಳುತ್ತ ಬಂದ. ಬಾಗಿಲಲ್ಲೇ ನಿಂತು ಅರ್ಧ ಕೇಳಿಸಿಕೊಂಡಿದ್ದ.

"ನಾನು ನುಂಗಿಲ್ಲ" ಎಂದ.

ಇಬ್ಬರೂ ತಿರುಗಿ ನೋಡಿದರು. ನಾಲಿಗೆಯ ಕೆಳಗೆ ಇಟ್ಟುಕೊಂಡೆ, ನೀರು ಕುಡಿದೆ, ಆಮೇಲೆ ಬೇಸಿನ್ನಿಗೆ ಉಗಿದು ನಲ್ಲಿ ಬಿಟ್ಟೆ ಎಂದ.

ಈಗ ನೋಡಿ ಫಜೀತಿ. ಅದು ನಿಜವಾದರೆ ಎಲ್ಲವೂ ಸರಿ. ಅಮ್ಮನ ಮುಖ ನೋಡಲಾರದೆ ಹೇಳಿದ ಮಾತಾದರೆ ಒಂದು ಗಳಿಗೆಯನ್ನೂ ಕಳೆಯುವ ಹಾಗಿಲ್ಲ. ಬೇಸಿನ್ ನೋಡಿದರು, ಉಜ್ಜಿ ತೊಳೆದ ಹಾಗಿತ್ತು, ಮಾತ್ರೆಯ ಪುಡಿಯೂ ಇಲ್ಲ. ಅವನು ಹುಟ್ಟಿದಾಗಿನಿಂದ ಬಿಟ್ಟ ಬುರುಡೆಯೆಲ್ಲ ಅವತ್ತು ಅವನೆದುರಿಗೇ ಬಂದು ನಿಂತಿತ್ತು. ಚಿಕ್ಕಮ್ಮ ಅವನ ಕಣ್ಣಲ್ಲಿ ಕಣ್ಣಿಟ್ಟು ಮತ್ತೆ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿದ. ಕಣ್ಣಿನ ಡಾಕ್ಟರಿಗೆ ಕಣ್ಣಿನಿಂದ ಏನೂ ಗೊತ್ತಾಗಲಿಲ್ಲ. ಅವನನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಟರು, ನುಂಗಿದ್ದಾನೆ ಎಂದೇ ಲೆಕ್ಕ ಹಿಡಿದು.

ಆಸ್ಪತ್ರೆಯವರು ಹೊಟ್ಟೆ ತೊಳೆಯುವ ಹೊತ್ತು ಮೀರಿದೆ, ಕಾದು ನೋಡುವುದೊಂದೇ ದಾರಿ ಎಂದರು. ಬಿಸಿಲು ನೆತ್ತಿಗೆ ಬಂದಾಗ ಫಿಜಿಷಿಯನ್ ತಾನೇ ಅವನ ಬೆರಳು ಚುಚ್ಚಿ, ಒಂದು ಹನಿ ಹಸಿ ರಕ್ತವನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಡಿ ಇಟ್ಟ. ಒಮ್ಮೆ ನೋಡಿ ಜಾಗ ಬಿಟ್ಟುಕೊಟ್ಟ. ಚಿಕ್ಕಮ್ಮ ಬಗ್ಗಿದರು. ರಕ್ತದ ಕಣಗಳನ್ನು ಆಚೆ ಈಚೆ ತಳ್ಳುತ್ತ, ಕೊಂಕುತ್ತ, ಚಾಟಿ ಬೀಸುತ್ತ ಮರಿಗಳು. ಒಂದು ಎರಡಲ್ಲ, ಜಾಗ ಸರಿಸಿದಲ್ಲೆಲ್ಲ ಅವೇ. ರಾತ್ರಿ ಅಷ್ಟು ಸ್ವಚ್ಛವಾಗಿದ್ದ ರಕ್ತ ಹಗಲಿಗೆ ಸಂತೆಯಾಗಿತ್ತು. ಎಷ್ಟು ಭಯಂಕರವೋ ಅಷ್ಟೇ ಚಂದ ಎಂದು ಆಕೆಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ತಮ್ಮ ಮೇಲೆಯೇ ಸಿಟ್ಟೂ ಬಂತು. ಈ ರಕ್ತಕ್ಕೆ ಆ ಮಾತ್ರೆ ಬಿದ್ದಿದ್ದರೆ ಏನಾಗುತ್ತದೆಂದು ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕ ತಾನೂ ನೋಡಬೇಕೆಂದಳು. ಕನ್ನಡಕ ತೆಗೆದು, ತುಂಬಾ ಹೊತ್ತು ನೋಡಿದಳು. ತಲೆಯೆತ್ತಿದಾಗ ಕಣ್ಣು ತುಂಬಿತ್ತು.

ವಾರ್ಡಿನಲ್ಲಿ ಬುರುಡೆ ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದ. ಕಾರಿಡಾರಿನ ಬೆಂಚಿನ ಮೇಲೆ ಅಕ್ಕತಂಗಿಯರು. ಒಳಗೆ ಮಂಪರು ಶುರುವಾಗುತ್ತದೋ ಎಂದು ಚಿಕ್ಕಮ್ಮ ಪದೇಪದೇ ಬಾಗಿಲ ಗಾಜಿನಲ್ಲಿ ಇಣುಕುತ್ತಿದ್ದರು. ಕೊನೆಗೆ ತಡೆಯಲಾರದೆ ಅಕ್ಕನನ್ನು ಕೇಳಿದರು, ನುಂಗಿದ ಮೇಲೆ ಬಾಯಿ ತೆರೆದು ತೋರಿಸಿದನೇ, ಸರಿಯಾಗಿ ನೆನಪು ಮಾಡಿಕೋ, ಎಂದು.

"ಅವನು ನುಂಗಿಲ್ಲ" ಎಂದಳು ಅಕ್ಕ.

"ಕಣ್ಣಾರೆ ನೋಡಿದೆ ಅಂದೆಯಲ್ಲ ಬೆಳಿಗ್ಗೆ?"

"ನೋಡಿದೆ. ಗಂಟಲು ಅಲ್ಲಾಡಿದ್ದನ್ನೂ ನೋಡಿದೆ. ಆದರೂ ಅವನು ಹೇಳ್ತಿದ್ದಾನಲ್ಲ."

ಅದು ಧೈರ್ಯವೋ ಹಟವೋ, ಬೇರೆ ದಾರಿಯಿಲ್ಲದೆ ಹಿಡಿದ ಕೊಂಬೆಯೋ, ಚಿಕ್ಕಮ್ಮನಿಗೆ ಗೊತ್ತಾಗಲಿಲ್ಲ. ಅಕ್ಕ ಎದ್ದು ಒಳಗೆ ಹೋದಳು. ಮಗನ ಹಾಸಿಗೆಯ ತುದಿಯಲ್ಲಿ ಕೂತು, ಆ ಕಾಡಿನಲ್ಲಿ ರಸ್ತೆ ಅಳೆಯುವುದು ಹೇಗೆ, ಮರಗಳ ನಡುವೆ ಗೆರೆ ನೇರವಾಗಿದೆಯೆಂದು ಗೊತ್ತಾಗುವುದು ಹೇಗೆ ಎಂದು ಕೇಳಿದಳು. ಅವನು ಮೊದಲು ಅನುಮಾನದಿಂದ ನೋಡಿ, ಆಮೇಲೆ ಕೈ ಎತ್ತಿ ಗಾಳಿಯಲ್ಲಿ ಗೆರೆ ಎಳೆದು ವಿವರಿಸತೊಡಗಿದ.

ನರ್ಸು ಥರ್ಮಾಮೀಟರ್ ತಂದಳು. ಜ್ವರವಿಲ್ಲ. ಆ ದಿನವೆಲ್ಲ ತಂದಳು, ಮಾರನೇ ದಿನ ತಂದಳು, ಅದರ ಮಾರನೇ ದಿನವೂ. ಪ್ರತಿ ಸಲ ಚಿಕ್ಕಮ್ಮ ಜೀವ ಬಾಯಿಗೆ ತಂದುಕೊಂಡು ಓಡಿ ಬಂದು ಅಂಕಿ ನೋಡಿದರು. ಅಕ್ಕ ಒಂದು ಸಲವೂ ಆ ಕಡೆ ತಿರುಗಲಿಲ್ಲ.